ಕಷಾಯದ ಮನೆಯವರಿಗೆ ಕಾಫಿ ರುಚಿ ಹತ್ತಬೇಕಾದರೆ

ಪ್ರಶ್ನೆ: ನಾನು ಕುಂದಾಪುರ ಕಡೆಯವಳು. ನಮ್ಮ ಮನೆಯಲ್ಲಿ ಬೆಳಿಗ್ಗೆ ಕಷಾಯ, ಸಂಜೆ ಚಹಾ. ಕಾಫಿ ಅಂದರೆ ನೆಂಟರು ಬಂದಾಗ ಮಾಡುವ ಇನ್‌ಸ್ಟಂಟ್ ಅಷ್ಟೇ. ಈಗ ಮಂಗಳೂರಿನಲ್ಲಿ ಕೆಲಸ. ಆಫೀಸಿನ ಗೆಳೆಯರು ಕಾಫಿ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಒಬ್ಬರು ಕಿತ್ತಳೆ ವಾಸನೆ ಅನ್ನುತ್ತಾರೆ, ಇನ್ನೊಬ್ಬರು ಚಾಕೊಲೇಟ್ ಅನ್ನುತ್ತಾರೆ. ನನಗೆ ಕಹಿ ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಆದರೆ ಕಲಿಯಬೇಕು ಅಂತ ನಿಜವಾಗಿ ಆಸೆ ಇದೆ. ಎಲ್ಲಿಂದ ಶುರು ಮಾಡಲಿ? ಇಪ್ಪತ್ತು ಸಾವಿರದ ಮೆಷಿನ್ ಒಂದನ್ನು ನೋಡಿಟ್ಟಿದ್ದೇನೆ, ಕೊಳ್ಳಲೇ? ಸಂಜೆ ಕಾಫಿ ಕುಡಿದರೆ ನಿದ್ದೆ ಬರುವುದಿಲ್ಲ, ಅದಕ್ಕೇನು ಮಾಡುವುದು?

ಉತ್ತರ: ಮೆಷಿನ್ ಸದ್ಯಕ್ಕೆ ಬೇಡ. ಆ ದುಡ್ಡು ಹಾಗೇ ಇರಲಿ.

ಮೊದಲು ಒಂದು ಕೆಲಸ ಮಾಡಿ. ಎರಡು ಮೂರು ಬಗೆಯ ಕಾಫಿಯನ್ನು ಒಂದೇ ಹೊತ್ತಿಗೆ ಪಕ್ಕಪಕ್ಕ ಇಟ್ಟುಕೊಂಡು ಕುಡಿಯಿರಿ. ಒಂದೇ ಪುಡಿಯನ್ನು ತಿಂಗಳುಗಟ್ಟಲೆ ಕುಡಿದರೆ ಅಭ್ಯಾಸ ಆಗುತ್ತದೆ, ಆದರೆ ನಾಲಿಗೆಗೆ ಹೊಸದೇನೂ ತಿಳಿಯುವುದಿಲ್ಲ. ನಾನು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ, ಅಂದರೆ ತೋಟದಿಂದ ಬಂದ ಕಾಫಿಯ ಹೊಟ್ಟು ತೆಗೆದು ಬೀಜ ಹಸನು ಮಾಡುವ ಕಾರ್ಖಾನೆಯಲ್ಲಿ, ಬಹಳ ವರ್ಷ ಕಾಫಿ ರುಚಿ ನೋಡುವ ಕೆಲಸ ಮಾಡಿದವನು. ರುಚಿ ನೋಡುವ ಮೇಜಿನ ಮೇಲೆ ಯಾವತ್ತೂ ಒಂದೇ ಕಪ್ ಇಡುವುದಿಲ್ಲ. ಸಾಲಾಗಿ ಇಡುತ್ತಾರೆ. ಎಷ್ಟು ಅನುಭವ ಇದ್ದವರಿಗೂ ಪಕ್ಕದ ಕಪ್ ಬೇಕೇ ಬೇಕು. ನಿಮಗೆ ಇಷ್ಟು ದಿನ ಕಹಿ ಮಾತ್ರ ಗೊತ್ತಾಗಿದ್ದರೆ ಅದು ನಿಮ್ಮ ನಾಲಿಗೆಯ ತಪ್ಪಲ್ಲ. ಹೋಲಿಸಿ ನೋಡಲು ಎದುರಿಗೆ ಬೇರೆ ಕಾಫಿ ಇರಲಿಲ್ಲ, ಅಷ್ಟೇ.

ಕಾಫಿಬೀಜ ಹುರಿದು ಪುಡಿ ಮಾಡಿ ಕೊಡುವ ಅಂಗಡಿಗೆ ಹೋಗಿ. ಪೇಟೆಯಲ್ಲಿ ಇಂಥ ಅಂಗಡಿ ಇದ್ದೇ ಇರುತ್ತದೆ, ರಸ್ತೆಯಲ್ಲಿ ನಿಂತರೆ ವಾಸನೆಯೇ ಕರೆಯುತ್ತದೆ. ಅಲ್ಲಿ ಮೂರು ಪೊಟ್ಟಣ ಕೇಳಿ, ಒಂದೊಂದೂ ನೂರು ಗ್ರಾಂ. ಮೊದಲನೆಯದು ಪ್ಲಾಂಟೇಶನ್ ಎ ಅಥವಾ ಪೀಬೆರಿ, ಚಿಕೋರಿ ಇಲ್ಲದೆ. ಅರೇಬಿಕಾ, ರೊಬಸ್ಟಾ ಅಂದರೆ ಕಾಫಿ ಗಿಡದ ಎರಡು ಜಾತಿ. ಪ್ಲಾಂಟೇಶನ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ಎ ಅನ್ನುವುದು ಬೀಜದ ಗಾತ್ರದ ದರ್ಜೆ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಆಗಿ ಬೆಳೆದ ದುಂಡು ಬೀಜ. ಎರಡನೆಯದು ರೊಬಸ್ಟಾ ಚೆರಿ, ಅದೂ ಚಿಕೋರಿ ಇಲ್ಲದೆ. ಚೆರಿ ಅಂದರೆ ಹಣ್ಣನ್ನು ಹಾಗೇ ಇಡಿಯಾಗಿ ಒಣಗಿಸಿದ್ದು. ಮೂರನೆಯದು ಅಂಗಡಿಯವರು ದಿನಾ ಮಾರುವ ಚಿಕೋರಿ ಮಿಶ್ರಣ.

ಮೂರು ಒಂದೇ ಅಳತೆಯ ಗಾಜಿನ ಲೋಟ ತೆಗೆದುಕೊಳ್ಳಿ. ಒಂದೊಂದಕ್ಕೂ ಸುಮಾರು 8 ಗ್ರಾಂ ಪುಡಿ ಹಾಕಿ. ಟೀ ಚಮಚದಲ್ಲಿ ತುಂಬಿಸಿ ಎರಡು ಸಲ ಹಾಕಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ನೀರು ಕುದಿಸಿ, ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು 150 ಮಿಲಿ ಲೀಟರ್ ಹೊಯ್ಯಿರಿ. ಕಲಕಬೇಡಿ. ಪುಡಿ ಮೇಲೆ ಬಂದು ದಪ್ಪ ಕೆನೆಯ ಹಾಗೆ ಕಟ್ಟುತ್ತದೆ. ನಾಲ್ಕು ನಿಮಿಷ ಆದ ಮೇಲೆ ಮೂಗನ್ನು ಲೋಟದ ಬಾಯಿಗೆ ತಂದು, ಚಮಚದ ಬೆನ್ನಿನಿಂದ ಆ ಪದರವನ್ನು ಒಡೆಯಿರಿ. ಒಡೆದ ಕ್ಷಣಕ್ಕೆ ಒಮ್ಮೆಲೇ ಪರಿಮಳ ಏಳುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟದ ಗಳಿಗೆ ಅದು. ಅರೇಬಿಕಾಕ್ಕೂ ರೊಬಸ್ಟಾಕ್ಕೂ ಇರುವ ವ್ಯತ್ಯಾಸ ಬಾಯಿಗಿಂತ ಮೊದಲು ಮೂಗಿಗೇ ಗೊತ್ತಾಗುತ್ತದೆ. ಆಮೇಲೆ ಮೇಲಿನ ನೊರೆ ತೆಗೆದು, ಬಿಸಿ ಸ್ವಲ್ಪ ಇಳಿದ ಮೇಲೆ ಚಮಚದಲ್ಲಿ ಸೊರ್ ಅಂತ ಜೋರಾಗಿ ಎಳೆದುಕೊಳ್ಳಿ. ನಾಚಿಕೆ ಬೇಡ. ಗಾಳಿ ಜೊತೆಗೆ ಹೋದರೇ ಪರಿಮಳ ಮೂಗಿನ ಹಿಂಭಾಗಕ್ಕೆ ಮುಟ್ಟುವುದು. ಹಾಲು ಸಕ್ಕರೆ ಈ ಹೊತ್ತಿನಲ್ಲಿ ಬೇಡ.

ಈಗ ನಿಮ್ಮ ಗೆಳೆಯರ ಕಿತ್ತಳೆ, ಚಾಕೊಲೇಟ್ ವಿಚಾರ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಪಟ್ಟಿ ನಿಮಗೆ ಬೇಡ. ಕರಾವಳಿಯಲ್ಲಿ ಬೆಳೆದವರ ಬಾಯಲ್ಲಿ ಬೇಕಾದಷ್ಟು ರುಚಿಗಳು ಆಗಲೇ ಇವೆ. ಹುಳಿ ಅನ್ನಿಸಿದರೆ ಯಾವ ಹುಳಿ ಅಂತ ಕೇಳಿಕೊಳ್ಳಿ. ಪುನರ್ಪುಳಿಯದ್ದೋ, ಬಿಂಬುಳಿಯದ್ದೋ, ಅಮಟೆಕಾಯಿಯದ್ದೋ? ಸಿಹಿ ಬಂದರೆ ಕಬ್ಬಿನ ಬೆಲ್ಲದ್ದೋ, ಓಲೆಬೆಲ್ಲದ್ದೋ? ಬಾಯಿ ಹಿಡಿದುಕೊಂಡರೆ ಅದು ಕಹಿ ಅಲ್ಲ, ಚೊಗರು. ಗೇರುಹಣ್ಣು ಕಚ್ಚಿದಾಗ ಆಗುವುದು ಅದೇ ಅಲ್ವಾ? ಹೆಚ್ಚಿನವರು ಕಹಿ, ಹುಳಿ, ಚೊಗರು ಮೂರನ್ನೂ ಸೇರಿಸಿ 'ಕಾಫಿ ಕಹಿ' ಅಂದುಬಿಡುತ್ತಾರೆ. ಈ ಮೂರನ್ನು ಬೇರೆ ಮಾಡಲು ಬಂದರೆ ಅರ್ಧ ದಾರಿ ಕಳೆದ ಹಾಗೆ. ಕಹಿ ಹೆಚ್ಚಾಗಿ ಹುರಿದದ್ದರಿಂದ ಮತ್ತು ರೊಬಸ್ಟಾದಿಂದ ಬರುತ್ತದೆ. ಹಿತವಾದ ಹುಳಿ ಎತ್ತರದ ಜಾಗದಲ್ಲಿ ಬೆಳೆದ ಅರೇಬಿಕಾದ ಗುಣ. ಚೊಗರು ಬಂದರೆ ಎಳೆಕಾಯಿ ಕೊಯ್ದಿರಬಹುದು, ಇಲ್ಲವೇ ಪುಡಿಯನ್ನು ನೀರಿನಲ್ಲಿ ಜಾಸ್ತಿ ಹೊತ್ತು ಬಿಟ್ಟಿರಬಹುದು.

ಲೋಟಗಳನ್ನು ತೊಳೆಯಲು ಅವಸರ ಮಾಡಬೇಡಿ. ಕಾಫಿ ಉಗುರುಬೆಚ್ಚಗಾದ ಮೇಲೆ ಮತ್ತೆ ರುಚಿ ನೋಡಿ. ಬಿಸಿಯಲ್ಲಿ ಅಡಗಿದ್ದ ಹುಳಿ, ಸಿಹಿ ಆಗ ಎದ್ದು ಬರುತ್ತವೆ. ಒಳ್ಳೆ ಕಾಫಿ ತಣಿದ ಮೇಲೂ ಚೆನ್ನಾಗಿರುತ್ತದೆ. ಕೆಟ್ಟದ್ದನ್ನು ಆಗ ಬಾಯಿಗೆ ಇಡಲಾಗುವುದಿಲ್ಲ.

ಇನ್ನು ಹುರಿಯುವ ಬಗ್ಗೆ. ನಿಮ್ಮ ಮನೆಯಲ್ಲಿ ಕಷಾಯದ ಪುಡಿಗೆ ಕೊತ್ತಂಬರಿ, ಜೀರಿಗೆ ಹುರಿಯುತ್ತಾರಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಅಮ್ಮನಿಗೆ ಗೊತ್ತು. ಒಂದು ಗಳಿಗೆ ಮೊದಲೇ ಇಳಿಸಿದರೆ ಹಸಿ ವಾಸನೆ, ಒಂದು ಗಳಿಗೆ ತಡವಾದರೆ ಸೀದ ಕಹಿ. ಕಾಫಿಬೀಜದ್ದೂ ಅದೇ ಲೆಕ್ಕ. ಶಾಖ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಬೀಜ ಚಟಚಟ ಅಂತ ಸಿಡಿಯುತ್ತದೆ. ಇನ್ನೂ ಬಿಟ್ಟರೆ ಎರಡನೇ ಸಲ, ಸಣ್ಣ ದನಿಯಲ್ಲಿ ಸಿಡಿಯುತ್ತದೆ, ಮೈಮೇಲೆ ಎಣ್ಣೆ ಕಾಣುತ್ತದೆ. ತೀರಾ ಕಪ್ಪಗೆ ಹುರಿದರೆ ಯಾವ ತೋಟದ ಬೀಜವಾದರೂ ಒಂದೇ ರುಚಿ. ಹಾಗಾಗಿ ಕಲಿಯುವಾಗ ಮಧ್ಯಮ ಹುರಿದದ್ದನ್ನು ಕೇಳಿ.

ಚಿಕೋರಿಯನ್ನು ನಾನು ಬಯ್ಯುವುದಿಲ್ಲ. ಅದು ಒಂದು ಗಿಡದ ಬೇರು. ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ಬಣ್ಣ ಕೊಡುತ್ತದೆ, ದಪ್ಪ ಕೊಡುತ್ತದೆ, ಹಾಲಿನ ಜೊತೆ ಚೆನ್ನಾಗಿ ಹೊಂದುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪೊಟ್ಟಣದ ಮೇಲೆ ಬರೆದಿರಬೇಕು. ಅಂದರೆ ಹತ್ತಿರಹತ್ತಿರ ಅರ್ಧದಷ್ಟು ಚಿಕೋರಿ ಇರುವ ಪುಡಿಯನ್ನೂ ಮಾರಬಹುದು. ಓದದೆ ಕೊಂಡರೆ ನೀವು ಕಲಿಯುವುದು ಚಿಕೋರಿ ರುಚಿಯನ್ನು. ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ ನೋಡಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಬಣ್ಣದ ಗೆರೆ ಬಿಡುತ್ತಾ ತಳಕ್ಕೆ ಇಳಿಯುತ್ತದೆ. ಮೊದಲ ಕೆಲವು ವಾರ ಶುದ್ಧ ಕಾಫಿ ಕುಡಿಯಿರಿ. ಆಮೇಲೆ ಬೇಕೆನಿಸಿದರೆ ನೂರಕ್ಕೆ ಹದಿನೈದು ಪಾಲು ಚಿಕೋರಿ ಹಾಕಿಸಿ. ಅದಕ್ಕಿಂತ ಹೆಚ್ಚು ನನಗೆ ಹಿಡಿಸುವುದಿಲ್ಲ.

ದಿನದ ಕಾಫಿಗೆ ಸ್ಟೀಲಿನ ಫಿಲ್ಟರ್ ಸಾಕು. ಇಬ್ಬರಿಗೆ ಆಗುವ ಸಣ್ಣದು ಕೊಳ್ಳಿ. ದೊಡ್ಡ ಫಿಲ್ಟರ್‌ನಲ್ಲಿ ಸ್ವಲ್ಪ ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಓಡಿಹೋಗುತ್ತದೆ. ಮೇಲಿನ ಪಾತ್ರೆ ಪೂರ್ತಿ ಒಣಗಿರಲಿ. 30 ಗ್ರಾಂ ಪುಡಿ ಹಾಕಿ, ಒಮ್ಮೆ ಮೆಲ್ಲಗೆ ತಟ್ಟಿ ಸಮ ಮಾಡಿ, ಅದರ ಮೇಲೆ ಕೊಡೆ, ಅಂದರೆ ಫಿಲ್ಟರ್ ಜೊತೆ ಬರುವ ಹಿಡಿಯಿರುವ ತೂತಿನ ತಟ್ಟೆ, ಇಡಿ. ಒತ್ತಬೇಡಿ. ಕುದಿ ಇಳಿದ ನೀರನ್ನು ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ. ಹೊಸದಾಗಿ ಹುರಿದ ಪುಡಿ ಆಗ ಉಬ್ಬಿ ಗುಳ್ಳೆ ಬಿಡುತ್ತದೆ. ಹುರಿಯುವಾಗ ಬೀಜದೊಳಗೆ ಸೇರಿದ ಗಾಳಿ ಹೊರಗೆ ಬರುವುದು ಅದು. ಉಬ್ಬದಿದ್ದರೆ ಪುಡಿ ಹಳೆಯದು ಅಂತ ಅರ್ಥ. ಅರ್ಧ ನಿಮಿಷ ಬಿಟ್ಟು ಉಳಿದ ನೀರು ಹಾಕಿ, ಎಲ್ಲ ಸೇರಿ 150 ಮಿಲಿ ಲೀಟರ್ ಆಗಲಿ. ಮುಚ್ಚಿಡಿ.

ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿದರೆ ಸರಿ. ಐದೇ ನಿಮಿಷಕ್ಕೆ ಇಳಿದರೆ ಪುಡಿ ದಪ್ಪವಾಯಿತು. ಮುಕ್ಕಾಲು ಗಂಟೆಯಾದರೂ ಹನಿ ಹನಿ ಬೀಳುತ್ತಿದ್ದರೆ ತೀರಾ ನುಣ್ಣಗಾಯಿತು, ಇಲ್ಲವೇ ತೂತು ಕಟ್ಟಿದೆ. ತೂತು ಕಟ್ಟಿದ್ದರೆ ಖಾಲಿ ಪಾತ್ರೆಯ ತಳವನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ಸ್ವಲ್ಪ ಹೊತ್ತು ಒಡ್ಡಿ, ತಣಿದ ಮೇಲೆ ಉಜ್ಜಿ ತೊಳೆಯಿರಿ. ಡಿಕಾಕ್ಷನ್ನನ್ನು ಕುದಿಸಲೇಬೇಡಿ. ಬಿಸಿ ಬೇಕಾದರೆ ಪಾತ್ರೆಯನ್ನು ಬಿಸಿನೀರಿನಲ್ಲಿ ಇಡಿ. ಹಾಲು ಒಮ್ಮೆ ಉಕ್ಕಿದ ತಕ್ಷಣ ಬಳಸಿ. ಬೆಳಿಗ್ಗೆಯಿಂದ ನಾಲ್ಕು ಸಲ ಕಾಯಿಸಿದ ಹಾಲಿನಲ್ಲಿ ಯಾವ ಪುಡಿಯ ರುಚಿಯೂ ಮೇಲೆ ಬರುವುದಿಲ್ಲ. ಒಂದು ಪಾಲು ಡಿಕಾಕ್ಷನ್ನಿಗೆ ಎರಡು ಪಾಲು ಹಾಲಿನಿಂದ ಶುರು ಮಾಡಿ, ನಿಮ್ಮ ಬಾಯಿಗೆ ಬೇಕಾದ ಕಡೆಗೆ ಹೋಗಿ.

ನಮ್ಮ ಊರಿನಲ್ಲಿ ಎರಡು ತೊಂದರೆ ವಿಶೇಷವಾಗಿ ಇವೆ. ಒಂದು ಗಾಳಿಯ ತೇವ. ಮಳೆಗಾಲದಲ್ಲಿ ತೆರೆದಿಟ್ಟ ಪುಡಿ ಬೇಗ ಮುದ್ದೆ ಕಟ್ಟಿ ವಾಸನೆ ಕಳೆದುಕೊಳ್ಳುತ್ತದೆ. ಅರ್ಧ ಕಿಲೋ ಒಟ್ಟಿಗೆ ತರಬೇಡಿ, ವಾರಕ್ಕೆ ಆಗುವಷ್ಟೇ ತನ್ನಿ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಒಣ ಚಮಚ ಬಳಸಿ. ಫ್ರಿಜ್‌ನಿಂದ ದಿನಾ ಹೊರಗೆ ತೆಗೆದು ಇಟ್ಟರೆ ಡಬ್ಬಿಯೊಳಗೆ ನೀರು ಕೂರುತ್ತದೆ, ಅದು ಇನ್ನೂ ಕೆಟ್ಟದು. ಇನ್ನೊಂದು ನೀರು. ಸಮುದ್ರ, ಹೊಳೆ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಫಿ ಇದ್ದಕ್ಕಿದ್ದಂತೆ ಕೆಟ್ಟ ರುಚಿ ಬಂದರೆ ಪುಡಿಯನ್ನು ದೂರುವ ಮೊದಲು ಬಾಟಲಿ ನೀರಿನಲ್ಲಿ ಒಮ್ಮೆ ಮಾಡಿ ನೋಡಿ.

ಕಾಫಿ ಸಂಸ್ಕೃತಿ ಅಂದಾಗ ಜನ ದೂರದ ಊರುಗಳನ್ನು ನೆನೆಯುತ್ತಾರೆ. ನಿಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಕಾಫಿಯನ್ನು ಪೇಟೆಯ ಜನರ ಬಾಯಿಗೆ ಹತ್ತಿಸಿದವರಲ್ಲಿ ನಮ್ಮ ಕಡೆಯ ಹೋಟೆಲಿನವರು ಮೊದಲ ಸಾಲಿನಲ್ಲಿದ್ದಾರೆ. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲು ಮುಂದೆ ಎಂಟಿಆರ್ ಆಯಿತು. ಉಡುಪಿ ಕಡೆಯಿಂದ ಹೋದ ಕೆ. ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದರು. ಸಣ್ಣ ವಯಸ್ಸಿನಲ್ಲಿ ಊರು ಬಿಟ್ಟು, ಲೋಟ ತೊಳೆದು, ಡಿಕಾಕ್ಷನ್ ಇಳಿಸುವುದು ಕಲಿತು, ಕಡೆಗೆ ಸ್ವಂತ ಹೋಟೆಲ್ ಇಟ್ಟ ಎಷ್ಟೋ ಜನ ನಮ್ಮಲ್ಲಿದ್ದಾರೆ. ಮನೆಯಲ್ಲಿ ಕಷಾಯ ಕುಡಿದು ಬೆಳೆದವರೇ ಅವರಲ್ಲಿ ಜಾಸ್ತಿ. ನೀವು ಹೊರಗಿನವರಲ್ಲ, ನಿಮಗಿಂತ ಮೊದಲು ಈ ದಾರಿಯಲ್ಲಿ ಊರಿಗೆ ಊರೇ ಹೋಗಿದೆ.

ಹಾಗಾಗಿ ಹೋಟೆಲ್ ಕಾಫಿಯನ್ನೂ ಗಮನ ಕೊಟ್ಟು ಕುಡಿಯಿರಿ. ಉಡುಪಿಗೆ ಹೋದಾಗ ರಥಬೀದಿಯ ಮಿತ್ರ ಸಮಾಜದಲ್ಲಿ ಕೂತು ಗೋಳಿಬಜೆ ಜೊತೆ ಒಂದು ಕಾಫಿ ಹೇಳಿ. ಸಕ್ಕರೆ ಬೇರೆ ಕೊಡಿ ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಬನ್ಸ್ ತಿನ್ನುವುದಾದರೆ ಸಕ್ಕರೆ ಹಾಕದ ಕಾಫಿಯೇ ಸರಿ, ಬಾಳೆಹಣ್ಣಿನ ಸಿಹಿ ಆಗಲೇ ಬಾಯಲ್ಲಿರುತ್ತದೆ. ಯಾವ ಹೋಟೆಲೇ ಆಗಲಿ, ಬಾಗಿಲು ತೆಗೆದ ಒಂದು ಗಂಟೆಯೊಳಗೆ ಹೋಗಿ. ಹೊಸ ಡಿಕಾಕ್ಷನ್ ಇಳಿಸುವ ಹೊತ್ತು ಅದು. ಮಧ್ಯಾಹ್ನ ಹನ್ನೆರಡಕ್ಕೆ ಸಿಗುವುದು ಹೆಚ್ಚಾಗಿ ಬೆಳಗಿನದ್ದೇ. ಗೆಳತಿಯ ಜೊತೆ ಹೋದರೆ ಬೈಟು ಹೇಳಿ, ಎರಡು ಕಡೆ ಕುಡಿದು ಹೋಲಿಸಲು ಹೊಟ್ಟೆಯಲ್ಲಿ ಜಾಗ ಉಳಿಯುತ್ತದೆ.

ಮಂಗಳೂರಿನಲ್ಲಿ ಇದ್ದುಕೊಂಡು ನೀವು ಕುಡಿಯಲೇಬೇಕಾದದ್ದು ಇನ್ನೊಂದಿದೆ. ಮಾನ್ಸೂನ್ಡ್ ಮಲಬಾರ್. ಇದರ ಬಗ್ಗೆ ಬರೆಯುವಾಗ ನನಗೆ ಕೈ ನಿಲ್ಲುವುದಿಲ್ಲ. ಹಿಂದೆ ನಮ್ಮ ಕರಾವಳಿಯಿಂದ ಯುರೋಪಿಗೆ ಹಾಯಿಹಡಗುಗಳಲ್ಲಿ ಕಾಫಿ ಹೋಗುತ್ತಿತ್ತು. ಆಫ್ರಿಕಾದ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಪಯಣ. ಮರದ ಹಡಗಿನ ಒಳಗೆ ಸಮುದ್ರದ ತೇವ ಕುಡಿದು ಹಸಿರು ಬೀಜ ಬಿಳಿಚಿ ಊದಿಕೊಳ್ಳುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ಒಗ್ಗಿಹೋಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂತು, ಪಯಣ ಚಿಕ್ಕದಾಯಿತು. ಬೀಜ ಹಸಿರಾಗಿಯೇ ಹೋಗಿ ಮುಟ್ಟಿತು. ಕೊಳ್ಳುವವರಿಗೆ ಹಳೆಯ ರುಚಿಯೇ ಬೇಕಿತ್ತು. ಹಡಗಿನಲ್ಲಿ ಆಗುತ್ತಿದ್ದದ್ದನ್ನು ದಡದಲ್ಲೇ ಮಾಡೋಣ ಅಂತ ಶುರುವಾದ ಕೆಲಸ ಇದು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಆಯ್ದ ಚೆರಿ ಬೀಜವನ್ನು ಗೋದಾಮಿನ ನೆಲದ ಮೇಲೆ ಗೇಣುದ್ದಕ್ಕಿಂತ ಕಡಿಮೆ ದಪ್ಪಕ್ಕೆ ಹರಡುತ್ತಾರೆ. ಗೋದಾಮಿನ ಪಕ್ಕಗಳು ತೆರೆದೇ ಇರುತ್ತವೆ. ಮಳೆ ಒಳಗೆ ಬೀಳಬಾರದು, ಮಳೆಯ ಗಾಳಿ ಬರಬೇಕು. ಆಗಾಗ ಮಗುಚಿ ಹಾಕುತ್ತಾರೆ. ತೇವ ಹಿಡಿದ ಮೇಲೆ ಗೋಣಿಗೆ ಸಡಿಲವಾಗಿ ತುಂಬಿ, ನಡುವೆ ಗಾಳಿ ಆಡುವ ಹಾಗೆ ಜೋಡಿಸುತ್ತಾರೆ. ಕೆಲವು ದಿನಕ್ಕೊಮ್ಮೆ ಸುರಿದು ಮತ್ತೆ ತುಂಬುತ್ತಾರೆ. ಮರೆತರೆ ಬೂಷ್ಟು ಹಿಡಿಯುತ್ತದೆ, ಇಡೀ ಗೋಣಿ ಹಾಳು. ಮೂರು ನಾಲ್ಕು ತಿಂಗಳು ಹೀಗೆ ನಡೆಯುತ್ತದೆ. ಅಂಗೈ ಮೇಲೆ ಇಟ್ಟುಕೊಂಡರೆ ನಂಬಲಿಕ್ಕಾಗುವುದಿಲ್ಲ. ಗಟ್ಟಿಯಾಗಿ ಹಸಿರು ಬೂದಿ ಬಣ್ಣಕ್ಕಿದ್ದ ಬೀಜ ದಪ್ಪಗೆ ಊದಿ, ಒಣಹುಲ್ಲಿನ ಹಳದಿಗೆ ತಿರುಗಿ, ಹಗುರವಾಗಿರುತ್ತದೆ. ಹುಳಿ ಬಹುತೇಕ ಹೋಗಿರುತ್ತದೆ. ಬಾಯಿ ತುಂಬುವ ದಪ್ಪ ಕಾಫಿ, ಸ್ವಲ್ಪ ಮಣ್ಣಿನ ವಾಸನೆ. ಇದಕ್ಕೆ ಜಿಐ, ಅಂದರೆ ಈ ಕಡೆಯದ್ದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ ಎನ್ನುವ ಭೌಗೋಳಿಕ ಸೂಚಕ ಮಾನ್ಯತೆ ಇದೆ. ನಮ್ಮ ಮಳೆಗಾಲದ ಗಾಳಿ ಇಲ್ಲದೆ ಇದು ಆಗುವುದಿಲ್ಲ. ಪ್ಲಾಂಟೇಶನ್ ಎ ರುಚಿ ಬಾಯಿಗೆ ಕೂತ ಮೇಲೆ ಇದನ್ನು ಪಕ್ಕದಲ್ಲಿಟ್ಟು ಕುಡಿಯಿರಿ. ಮೊದಲೇ ಕುಡಿದರೆ ಇದರಲ್ಲಿ ಏನು ಹೋಗಿದೆ, ಏನು ಬಂದಿದೆ ಅಂತ ತಿಳಿಯುವುದಿಲ್ಲ.

ಕಾಫಿಯ ಹಿಂದೆ ಎಷ್ಟು ಕೈಗಳಿವೆ ಅಂತ ನೋಡಿದವರಿಗೆ ಅದರ ಮೇಲೆ ಪ್ರೀತಿ ಬರದೆ ಇರುವುದಿಲ್ಲ. ಬಣ್ಣ ನೋಡಿ ಬೇರೆ ಮಾಡುವ ಯಂತ್ರ ಬರುವ ಮೊದಲು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಒಡಕು, ಹುಳ ತಿಂದದ್ದನ್ನು ಒಂದೊಂದಾಗಿ ಹೆಕ್ಕುತ್ತಿದ್ದರು. ಒಂದು ಕೊಳೆತ ಬೀಜ ಸಾಕು, ಒಂದು ಕಪ್ ಕೆಡಿಸಲು. ಅವರ ಕಣ್ಣು ತಪ್ಪಿದ್ದು ಕಡೆಗೆ ನಮ್ಮ ನಾಲಿಗೆಗೆ ಸಿಗುತ್ತಿತ್ತು, ಆದರೆ ತಪ್ಪುತ್ತಿದ್ದದ್ದು ಬಹಳ ಅಪರೂಪ.

ತೋಟವನ್ನೂ ಒಮ್ಮೆ ನೋಡಿ ಬನ್ನಿ. ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು, ಮೂಡಿಗೆರೆ ಕಡೆ ಹೋದರೆ ದಾರಿಯ ಎರಡೂ ಬದಿ ಕಾಫಿಯೇ. ಉಡುಪಿಯಿಂದಾದರೆ ಕಾರ್ಕಳ, ಕುದುರೆಮುಖ ದಾಟಿ ಕಳಸ. ಅರೇಬಿಕಾ ಹಣ್ಣಾಗುವುದು ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾ ಆಮೇಲೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದ ಮೇಲೆ ಹೋದರೆ ಗಿಡ ಪೂರ್ತಿ ಬೆಳ್ಳಗೆ, ಮಲ್ಲಿಗೆಯಂಥ ವಾಸನೆ. ಕೆಲವೇ ದಿನ ಇರುತ್ತದೆ, ಹಾಗಾಗಿ ಅಲ್ಲಿಯ ಪರಿಚಯದವರಿಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಯಮನ್‌ನಿಂದ ಏಳು ಬೀಜ ತಂದು ಬಾಬಾ ಬುಡನ್ ನೆಟ್ಟರು ಎನ್ನುವ ಗಿರಿ ಇರುವುದೂ ಅದೇ ಚಿಕ್ಕಮಗಳೂರು ಜಿಲ್ಲೆಯಲ್ಲೇ. ತೋಟದವರ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡಬೇಡಿ. ಕೇಳಿದರೆ ಹೆಚ್ಚಿನವರು ಖುಷಿಯಿಂದ ತೋರಿಸುತ್ತಾರೆ. ಒಂದು ಕೆಂಪು ಹಣ್ಣು ಬಾಯಿಗೆ ಹಾಕಿ, ಸಿಪ್ಪೆಯ ಒಳಗಿನ ಲೋಳೆ ಎಷ್ಟು ಸಿಹಿ ಅಂತ ನೋಡಿ.

ನಿದ್ದೆಯ ವಿಷಯ ಸುಲಭ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮಧ್ಯಾಹ್ನ ಎರಡರ ಒಳಗೆ ಕಾಫಿ ಮುಗಿಸಿ, ಸಂಜೆಗೆ ನಿಮ್ಮ ಕಷಾಯವೇ ಇರಲಿ. ಅದನ್ನು ಬಿಡಬೇಕಾಗಿಲ್ಲ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ, ಅದೂ ನೆನಪಿರಲಿ. ಊಟದ ಜೊತೆಗೇ ಕಾಫಿ ಕುಡಿದರೆ ಅನ್ನ ತರಕಾರಿಯ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ರಕ್ತ ಕಡಿಮೆ ಇದ್ದರೆ, ಬಸುರಿಯಾದರೆ ಎಷ್ಟು ಕುಡಿಯಬಹುದು ಅಂತ ಡಾಕ್ಟರನ್ನು ಕೇಳಿ.

ಈಗ ಮೆಷಿನ್. ಮೆಷಿನ್ನಿನಲ್ಲಿ ಒತ್ತಡ ಹಾಕಿ ಇಳಿಸುವ ಗಟ್ಟಿ ಕಾಫಿಯೇ ಎಸ್ಪ್ರೆಸೊ. ಅದಕ್ಕೆ 9 ಬಾರ್‌ನಷ್ಟು ಒತ್ತಡ ಬೇಕು, ಅದಕ್ಕಿಂತ ಮುಖ್ಯವಾಗಿ ಒಂದೇ ಸಮನಾದ ನುಣ್ಣನೆ ಪುಡಿ ಬೇಕು. ಅಂಗಡಿಯ ಫಿಲ್ಟರ್ ಪುಡಿ ಅದಕ್ಕೆ ಆಗುವುದಿಲ್ಲ. ಮಿಕ್ಸಿಯಲ್ಲಿ ಮಾಡಿದರೆ ಅರ್ಧ ಹಿಟ್ಟು, ಅರ್ಧ ತರಿ. ಈ ಮಳೆಗಾಲ ಫಿಲ್ಟರ್‌ನಲ್ಲಿ ಕಳೆಯಿರಿ. ಆಮೇಲೂ ಆಸೆ ಇದ್ದರೆ ಮೊದಲು ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರ್ ಕೊಳ್ಳಿ, ಪುಡಿಯ ಬದಲು ಹುರಿದ ಬೀಜ ತನ್ನಿ. ಅದೊಂದರಿಂದಲೇ ನಿಮ್ಮ ಫಿಲ್ಟರ್ ಕಾಫಿ ಬೇರೆಯಾಗುತ್ತದೆ. ಮೆಷಿನ್ ನೋಡಲು ಹೋದಾಗ ನಿಮ್ಮದೇ ಬೀಜ ಒಯ್ದು, ಅದರಲ್ಲೇ ಒಂದು ಕಪ್ ಮಾಡಿಸಿ ಕುಡಿದು ನೋಡಿ. ಕೆಟ್ಟರೆ ಮಂಗಳೂರಿನಲ್ಲಿ ರಿಪೇರಿ ಯಾರು ಮಾಡುತ್ತಾರೆ, ರಬ್ಬರ್ ವಾಷರ್ ಎಲ್ಲಿ ಸಿಗುತ್ತದೆ ಅಂತ ದುಡ್ಡು ಕೊಡುವ ಮೊದಲೇ ಕೇಳಿಟ್ಟುಕೊಳ್ಳಿ.